ರೈಫಲಿನ ಮರದ ಹಿಡಿಯನ್ನು ಬದಲಾಯಿಸಬಯಸುವ ಪರವಾನಗಿದಾರರಿಗೆ ಮಾಹಿತಿ

ಪರವಾನಗಿ ಪಡೆದ ರೈಫಲಿನ ಮರದ ಹಿಡಿಯು, ಅಂದರೆ ಸ್ಟಾಕ್, ಕಾಲಕ್ರಮದಲ್ಲಿ ಬಿರುಕು ಬಿಡುವುದು, ಹುಳು ಹಿಡಿಯುವುದು ಅಥವಾ ಸಡಿಲಗೊಳ್ಳುವುದು ಸಾಮಾನ್ಯ. ಅಂತಹ ಸಂದರ್ಭದಲ್ಲಿ ಹೊಸ ಹಿಡಿಯನ್ನು ಹೇಗೆ ಆರಿಸಬೇಕು, ಯಾರಿಂದ ಜೋಡಿಸಿಕೊಳ್ಳಬೇಕು ಮತ್ತು ಯಾವ ಕಾನೂನು ನಿಬಂಧನೆಗಳನ್ನು ಪಾಲಿಸಬೇಕು ಎಂಬುದನ್ನು ಪರವಾನಗಿದಾರರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ. ಹಿಡಿಯು ಕೇವಲ ಅಲಂಕಾರದ ಭಾಗವಲ್ಲ. ತೋಟಾ ಸಿಡಿದಾಗ ಉಂಟಾಗುವ ಹಿನ್ನೊದೆತವನ್ನು ಲೋಹದ ಭಾಗಗಳಿಂದ ಭುಜಕ್ಕೆ ಸಾಗಿಸುವುದು ಅದೇ. ಆದ್ದರಿಂದ ನೋಟಕ್ಕಿಂತ ಮೊದಲು ಮರದ ಗಟ್ಟಿತನ, ಕೂಡಿಕೆ ಮತ್ತು ಅಳತೆಯನ್ನು ನೋಡತಕ್ಕದ್ದು.

1. ಬದಲಾವಣೆ ಅಗತ್ಯವಾಗುವ ಸಂದರ್ಭಗಳು

ಟ್ರಿಗರಿನ ಹಿಂದೆ ಕೈ ಹಿಡಿಯುವ ತೆಳುವಾದ ಭಾಗವನ್ನು ಹಿಡಿಯ ಕುತ್ತಿಗೆ ಎನ್ನಬಹುದು. ಹಿಡಿಯಲ್ಲಿ ಅತ್ಯಂತ ದುರ್ಬಲವಾದ ಸ್ಥಳ ಇದೇ. ಇಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ರೈಫಲನ್ನು ಬಳಸಬಾರದು. ತಂತಿ ಸುತ್ತುವುದು, ಮೊಳೆ ಹೊಡೆಯುವುದು ಅಥವಾ ಮೇಲೆ ಅಂಟು ಸವರುವುದು ದುರಸ್ತಿಯಾಗುವುದಿಲ್ಲ. ತಿರುಪುಗಳನ್ನು ಬಿಗಿಗೊಳಿಸಿದ ನಂತರವೂ ಲೋಹದ ಭಾಗ ಅಲುಗಾಡುವುದು, ಮಳೆಗಾಲ ಮತ್ತು ಬೇಸಿಗೆಯಲ್ಲಿ ಗುರಿ ಬೇರೆ ಬೇರೆ ಕಡೆಗೆ ಸರಿಯುವುದು, ಇವೂ ಹಿಡಿಯನ್ನು ಪರಿಶೀಲಿಸಬೇಕೆಂಬುದರ ಸೂಚನೆಗಳು.

2. ಕಾನೂನಿನ ನಿಬಂಧನೆಗಳು

ಆಯುಧ ಕಾಯಿದೆ, 1959ರ ವ್ಯಾಖ್ಯೆಯಂತೆ ‘ಆಯುಧ’ ಎಂಬ ಪದದಲ್ಲಿ ಅದರ ಭಾಗಗಳೂ ಸೇರಿವೆ. ಪರವಾನಗಿದಾರರು ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

ಅ) ಬಂದೂಕಿನ ತಯಾರಿಕೆ, ಮಾರಾಟ, ಮಾರ್ಪಾಡು ಮತ್ತು ದುರಸ್ತಿಗೆ ಕಲಂ 5ರಂತೆ ಪರವಾನಗಿ ಅವಶ್ಯ. ಆದ್ದರಿಂದ ಈ ಕೆಲಸವನ್ನು ಪರವಾನಗಿ ಪಡೆದ ದುರಸ್ತಿಗಾರರಿಗೇ ಒಪ್ಪಿಸಬೇಕು. ಊರಿನ ಬಡಗಿ ಎಷ್ಟೇ ನುರಿತವರಾಗಿದ್ದರೂ ಅವರ ವಶಕ್ಕೆ ರೈಫಲನ್ನು ಕೊಡುವಂತಿಲ್ಲ.

ಆ) ನಳಿಗೆಯನ್ನು ಮೊಟಕುಗೊಳಿಸುವುದನ್ನು ಮತ್ತು ಬಂದೂಕನ್ನು ಒಂದು ವರ್ಗದಿಂದ ಇನ್ನೊಂದು ವರ್ಗಕ್ಕೆ ಮಾರ್ಪಡಿಸುವುದನ್ನು ಪರವಾನಗಿಯಿಲ್ಲದೆ ಮಾಡುವುದು ಕಲಂ 6ರಂತೆ ನಿಷಿದ್ಧ. 2019ರ ತಿದ್ದುಪಡಿಯ ನಂತರ ಈ ಅಪರಾಧಕ್ಕೆ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಕಾರಾಗೃಹವಾಸ ವಿಧಿಸಬಹುದು. ಹೊಸ ಹಿಡಿಗೆ ಹೊಂದುವಂತೆ ನಳಿಗೆಯನ್ನು ಕತ್ತರಿಸುವ ಸಲಹೆಯನ್ನು ಯಾರೇ ನೀಡಿದರೂ ಒಪ್ಪಬಾರದು.

ಇ) ಬಂದೂಕಿನ ಮೇಲಿರುವ ತಯಾರಕರ ಹೆಸರು, ಸಂಖ್ಯೆ ಅಥವಾ ಇತರ ಗುರುತುಗಳನ್ನು ಅಳಿಸುವುದು, ತೆಗೆಯುವುದು ಅಥವಾ ಬದಲಾಯಿಸುವುದು ಕಲಂ 8ರಂತೆ ನಿಷಿದ್ಧ. ಗುರುತು ಅಳಿಸಿದ ಬಂದೂಕು ಯಾರ ವಶದಲ್ಲಿದೆಯೋ ಅವರೇ ಅಳಿಸಿದ್ದಾರೆಂದು, ಬೇರೆ ರೀತಿ ಸಾಬೀತಾಗುವವರೆಗೆ, ಭಾವಿಸಲಾಗುತ್ತದೆ. ಲೋಹದ ಭಾಗವನ್ನು ಹೊಸ ಮರಕ್ಕೆ ಕೂಡಿಸುವಾಗ ಉಜ್ಜಿ ಹೊಳಪು ಕೊಡುವ ನೆಪದಲ್ಲಿ ಸಂಖ್ಯೆ ಮಾಸಿಹೋಗದಂತೆ ಎಚ್ಚರ ವಹಿಸಬೇಕು.

ಈ) ವಿದೇಶದಿಂದ ಹಿಡಿಯನ್ನು ತರಿಸಿಕೊಳ್ಳಬಯಸುವವರು ಹಣ ಪಾವತಿಸುವ ಮೊದಲೇ ಪರವಾನಗಿ ಪ್ರಾಧಿಕಾರ ಮತ್ತು ಸುಂಕ ಇಲಾಖೆಯಿಂದ ಲಿಖಿತ ಮಾಹಿತಿ ಪಡೆಯುವುದು ಸೂಕ್ತ. ಆಯುಧಗಳ ಆಮದು ಕಲಂ 10ರ ನಿಯಂತ್ರಣಕ್ಕೆ ಒಳಪಟ್ಟಿದೆ.

3. ಮರದ ಆಯ್ಕೆ

ರೈಫಲಿನ ಹಿಡಿಗೆ ಬಹುಕಾಲದಿಂದ ಹೆಚ್ಚಾಗಿ ಬಳಕೆಯಲ್ಲಿರುವುದು ಅಕ್ರೋಟ್ ಮರ. ಭಾರತದಲ್ಲಿ ಇದು ಕಾಶ್ಮೀರದಲ್ಲಿ ಬೆಳೆಯುತ್ತದೆ. ತೂಕಕ್ಕೆ ಹೋಲಿಸಿದರೆ ಇದು ಗಟ್ಟಿ. ಸೂಕ್ಷ್ಮವಾಗಿ ಕೊರೆಯಲು ಒಗ್ಗುತ್ತದೆ. ಹದವಾಗಿ ಒಣಗಿದ ಮೇಲೆ ಹೆಚ್ಚು ತಿರುಚಿಕೊಳ್ಳುವುದಿಲ್ಲ. ಬೀಟೆ ಮರ ಬಲವಾದುದು, ಆದರೆ ಭಾರ ಹೆಚ್ಚು. ತೇಗ ನೀರಿಗೆ ಜಗ್ಗದು, ಆದರೆ ಅದರಲ್ಲಿರುವ ಎಣ್ಣೆಯ ಅಂಶದಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಸ್ವಂತ ಜಮೀನಿನ ಬೀಟೆ ಅಥವಾ ತೇಗದಿಂದ ಹಿಡಿ ಮಾಡಿಸಬೇಕೆನ್ನುವವರು, ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದನ್ನು ಮರೆಯಬಾರದು.

ಯಾವುದೇ ಮರವಾದರೂ ಮೂರು ಅಂಶಗಳನ್ನು ಪರೀಕ್ಷಿಸತಕ್ಕದ್ದು. ಮೊದಲನೆಯದು, ಕುತ್ತಿಗೆಯ ಭಾಗದಲ್ಲಿ ಮರದ ಎಳೆಗಳು ಉದ್ದಕ್ಕೆ ನೇರವಾಗಿ ಸಾಗಿರಬೇಕು. ಎಳೆಗಳು ಅಡ್ಡಲಾಗಿ ಹಾಯ್ದಿದ್ದರೆ ಅಲ್ಲಿಯೇ ಮುರಿಯುತ್ತದೆ. ಅಂದವಾದ ಸುಳಿಗಳು ಹಿಂಬದಿಯ ಅಗಲ ಭಾಗದಲ್ಲಿದ್ದರೆ ಅಡ್ಡಿಯಿಲ್ಲ. ಎರಡನೆಯದು, ಮರ ಪೂರ್ಣವಾಗಿ ಒಣಗಿರಬೇಕು. ಹಸಿ ಮರ ಒಣಗುತ್ತಾ ಕುಗ್ಗಿ ಕೂಡಿಕೆಯನ್ನು ಸಡಿಲಿಸುತ್ತದೆ. ಮೂರನೆಯದು, ಗಂಟು, ಹುಳುಕು, ಒಳಬಿರುಕು ಇರಬಾರದು. ಬಣ್ಣ ಬಳಿದ ಹಿಡಿಯಲ್ಲಿ ಇವು ಮುಚ್ಚಿಹೋಗುವುದರಿಂದ ಬಣ್ಣವಿಲ್ಲದ ಹಿಡಿಯನ್ನೇ ಆರಿಸುವುದು ಒಳ್ಳೆಯದು.

4. ಅಳತೆ

ಮಾರುಕಟ್ಟೆಯ ಸಿದ್ಧ ಹಿಡಿಗಳು ಸರಾಸರಿ ದೇಹಕ್ಕೆ ತಕ್ಕಂತೆ ಇರುತ್ತವೆ. ಟ್ರಿಗರಿನಿಂದ ಹಿಡಿಯ ತುದಿಯವರೆಗಿನ ಅಂತರ ಸಾಮಾನ್ಯವಾಗಿ ಸುಮಾರು 34 ಸೆಂಟಿಮೀಟರ್. ಎತ್ತರದವರಿಗೆ ಇದು ಸಾಲದು, ಗಿಡ್ಡವರಿಗೆ ಹೆಚ್ಚಾಗುತ್ತದೆ. ಹಿಡಿ ಉದ್ದವಾದರೆ ಭುಜಕ್ಕೆ ಏರಿಸುವಾಗ ಬಟ್ಟೆಗೆ ಸಿಲುಕುತ್ತದೆ. ಗಿಡ್ಡವಾದರೆ ಹೆಬ್ಬೆರಳು ಮೂಗಿಗೆ ಬಡಿಯುವ ಸಂಭವವಿದೆ. ಕೆನ್ನೆ ಊರುವ ಅಂಚು ದೃಷ್ಟಿಸಾಧನಕ್ಕೆ ಹೊಂದಬೇಕು. ದೂರದರ್ಶಕ ಅಳವಡಿಸಿದ ರೈಫಲಿಗೆ ಈ ಅಂಚು ಸ್ವಲ್ಪ ಎತ್ತರವಾಗಿರಬೇಕು. ಎಡಗೈ ಬಳಸುವವರು ಇದನ್ನು ಮೊದಲೇ ತಿಳಿಸಬೇಕು. ಅಳತೆ ನೋಡುವ ಮುನ್ನ ರೈಫಲಿನಲ್ಲಿ ತೋಟಾ ಇಲ್ಲವೆಂಬುದನ್ನು ಎರಡು ಬಾರಿ ಖಚಿತಪಡಿಸಿಕೊಳ್ಳತಕ್ಕದ್ದು.

5. ಲೋಹದ ಭಾಗಕ್ಕೆ ಕೂಡಿಕೆ

ಸಿದ್ಧ ಹಿಡಿಯೆಂದು ಮಾರುವ ಹಿಡಿಗೂ ಕೂಡಿಕೆಯ ಕೆಲಸ ಉಳಿದಿರುತ್ತದೆ. ಒಂದೇ ಮಾದರಿಯ ಎರಡು ರೈಫಲುಗಳ ನಡುವೆಯೂ ಸೂಕ್ಷ್ಮ ವ್ಯತ್ಯಾಸಗಳಿರುತ್ತವೆ. ಕೆಲವು ಮಾದರಿಗಳಲ್ಲಿ ಹಿಡಿ ಒಂದೇ ತುಂಡಾಗಿರುತ್ತದೆ. ಲೀ-ಎನ್‌ಫೀಲ್ಡ್ ಮಾದರಿಯಲ್ಲಿ ಮುಂಭಾಗ ಮತ್ತು ಹಿಂಭಾಗ ಎರಡು ಪ್ರತ್ಯೇಕ ತುಂಡುಗಳು. ಆದ್ದರಿಂದ ಖರೀದಿಗೆ ಮುನ್ನ ರೈಫಲಿನ ತಯಾರಕರು, ಮಾದರಿ ಮತ್ತು ಬೋರನ್ನು ಖಚಿತವಾಗಿ ತಿಳಿಸಬೇಕು. ಹಿನ್ನೊದೆತವನ್ನು ತಡೆಯುವ ಲೋಹದ ಚಾಚು ಮರಕ್ಕೆ ಪೂರ್ಣವಾಗಿ ಒರಗಿ ಕುಳಿತುಕೊಳ್ಳುವುದು ಅತಿ ಮುಖ್ಯ. ನಡುವೆ ಅಂತರವಿದ್ದರೆ ಪ್ರತಿ ಗುಂಡಿಗೂ ಲೋಹವು ಮರಕ್ಕೆ ಬಡಿದು ಕ್ರಮೇಣ ಅದನ್ನು ಸೀಳುತ್ತದೆ.

6. ದುರಸ್ತಿಗಾಗಿ ಒಯ್ಯುವುದು

ರೈಫಲನ್ನು ಖಾಲಿ ಮಾಡಿ, ಚೀಲದಲ್ಲಿಟ್ಟು, ಮೂಲ ಪರವಾನಗಿಯೊಂದಿಗೆ ಒಯ್ಯಬೇಕು. ವಯಸ್ಸು ಅಥವಾ ಅನಾರೋಗ್ಯದ ಕಾರಣ ಪರವಾನಗಿದಾರರು ಸ್ವತಃ ಹೋಗಲಾಗದಿದ್ದಲ್ಲಿ, ದುರಸ್ತಿಗಾಗಿ ಬೇರೊಬ್ಬರು ಪರವಾನಗಿದಾರರ ಲಿಖಿತ ಅಧಿಕಾರ ಪತ್ರದೊಂದಿಗೆ ಒಯ್ಯಲು ಕಲಂ 3 ಅವಕಾಶ ನೀಡುತ್ತದೆ. ಬಾಯಿಮಾತಿನ ಒಪ್ಪಿಗೆ ಸಾಲದು. ದುರಸ್ತಿಗಾರರು ಪರವಾನಗಿಯ ವ್ಯಾಪ್ತಿಯ ಹೊರಗಿನ ಊರಿನಲ್ಲಿದ್ದರೆ ಮುಂಚಿತವಾಗಿ ಪರವಾನಗಿ ಪ್ರಾಧಿಕಾರವನ್ನು ಸಂಪರ್ಕಿಸಬೇಕು. ರೈಫಲಿನ ಸಂಖ್ಯೆ ಮತ್ತು ದಿನಾಂಕ ನಮೂದಿಸಿದ ರಸೀದಿಯನ್ನು ತಪ್ಪದೆ ಪಡೆಯಬೇಕು.

7. ಮರಳಿ ಪಡೆಯುವಾಗ ಪರಿಶೀಲನೆ

ಅ) ರೈಫಲಿನ ಸಂಖ್ಯೆಯನ್ನು ಪರವಾನಗಿಯಲ್ಲಿರುವ ಸಂಖ್ಯೆಯೊಂದಿಗೆ ತಾಳೆ ನೋಡಬೇಕು.
ಆ) ತಿರುಪುಗಳು ಬಿಗಿಯಾಗಿದ್ದು, ಸುರಕ್ಷತಾ ಕೀಲಿ ಮತ್ತು ಟ್ರಿಗರ್ ಮರಕ್ಕೆ ತಾಗದೆ ಚಲಿಸಬೇಕು.
ಇ) ಹಳೆಯ ಹಿಡಿಯನ್ನು ಕೇಳಿ ಪಡೆಯಬೇಕು. ಹಳೆಯ ಲೀ-ಎನ್‌ಫೀಲ್ಡ್ ರೈಫಲುಗಳಲ್ಲಿ ಮರದ ಮೇಲೂ ಸಂಖ್ಯೆಯನ್ನು ಒತ್ತಿರುವುದುಂಟು. ಅದು ಮುಂದೆ ದಾಖಲೆಯಾಗಿ ಉಪಯೋಗಕ್ಕೆ ಬರಬಹುದು.
ಈ) ಮೊದಲ ಗುಂಡುಗಳನ್ನು ಅಧಿಕೃತ ಗುರಿ ಅಭ್ಯಾಸ ಕೇಂದ್ರದಲ್ಲಿಯೇ ಹಾರಿಸಿ ನೋಡಬೇಕು. ಹಿಡಿ ಬದಲಾದಾಗ ಗುರಿಯೂ ಬದಲಾಗುತ್ತದೆ.

ಹಿಡಿಗೆ ಅಗಸೆ ಎಣ್ಣೆ ಸವರುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಇಡಬಾರದು. ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಹರಡಿ ಒಣಗಿಸಿದ ನಂತರವೇ ವಿಲೇವಾರಿ ಮಾಡಬೇಕು.

8. ಕೊಡಗಿನ ವಿನಾಯಿತಿದಾರರಿಗೆ ಸೂಚನೆ

ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಹೊಂದಲು ಪರವಾನಗಿಯಿಂದ ನೀಡಿರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರವು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಕೋವಿಗಳಲ್ಲಿ ತಲೆಮಾರುಗಳಿಂದ ಬಂದವೂ ಇವೆ. ಅವುಗಳ ಹಿಡಿ ಬದಲಾಯಿಸುವ ಸಂದರ್ಭ ಬರುವುದು ಸಹಜ. ಈ ವಿನಾಯಿತಿ ಕೋವಿಯನ್ನು ಹೊಂದುವುದಕ್ಕೆ ಸಂಬಂಧಿಸಿದುದು. ನಳಿಗೆ ಮೊಟಕುಗೊಳಿಸುವುದಕ್ಕೆ ಅಥವಾ ಗುರುತು ಅಳಿಸುವುದಕ್ಕೆ ಇದು ಅನ್ವಯಿಸುವುದಿಲ್ಲ.

ಸಂಶಯವಿದ್ದಲ್ಲಿ, ಕೆಲಸ ಆರಂಭಿಸುವ ಮೊದಲು ಪರವಾನಗಿ ನೀಡಿದ ಪ್ರಾಧಿಕಾರದ ಕಚೇರಿಯಲ್ಲಿ ಪರವಾನಗಿಯ ಪ್ರತಿಯೊಂದಿಗೆ ವಿಚಾರಿಸತಕ್ಕದ್ದು.