ಇಂಗ್ಲಿಷ್ ಕಲಿಯಿರಿ: ಲೆಂಡ್, ಬಾರೋ ಗೊಂದಲ ಬೇಡ

ಕನ್ನಡದಲ್ಲಿ ‘ಸಾಲ ಕೊಡು’, ‘ಸಾಲ ತೆಗೆದುಕೊ’ ಎನ್ನುತ್ತೇವೆ. ಇಂಗ್ಲಿಷ್‌ನಲ್ಲಿ ಇವೆರಡಕ್ಕೂ ಬೇರೆ ಬೇರೆ ಕ್ರಿಯಾಪದಗಳಿವೆ. ಅದಲುಬದಲಾದರೆ ಹಣ ಕೊಟ್ಟ ನೀವೇ ಸಾಲಗಾರರಾಗುತ್ತೀರಿ!

1. ಲೆಂಡ್: ಸಾಲ ಕೊಡು. ಭೂತಕಾಲದಲ್ಲಿ ‘ಲೆಂಟ್’.
ಉದಾ: ಐ ಲೆಂಟ್ ರವಿ ಫೈವ್ ಹಂಡ್ರೆಡ್ ರುಪೀಸ್.
ಅರ್ಥ: ನಾನು ರವಿಗೆ 500 ರೂ. ಸಾಲ ಕೊಟ್ಟೆ.

2. ಬಾರೋ: ಸಾಲ ತೆಗೆದುಕೊ. ಯಾರಿಂದ ಎಂದು ಹೇಳಲು ‘ಫ್ರಮ್’ ಸೇರಿಸಿ.
ಉದಾ: ರವಿ ಬಾರೋಡ್ ಫೈವ್ ಹಂಡ್ರೆಡ್ ರುಪೀಸ್ ಫ್ರಮ್ ಮಿ.
ಅರ್ಥ: ರವಿ ನನ್ನಿಂದ 500 ರೂ. ಸಾಲ ಪಡೆದ.

3. ಓ: ಬಾಕಿ ಕೊಡಬೇಕಾಗಿರು.
ಉದಾ: ರವಿ ಓಸ್ ಮಿ ಫೈವ್ ಹಂಡ್ರೆಡ್ ರುಪೀಸ್.
ಅರ್ಥ: ರವಿ ನನಗೆ 500 ರೂ. ಕೊಡಬೇಕು.

4. ರಿಪೇ: ಸಾಲ ತೀರಿಸು.
ಉದಾ: ಹಿ ವಿಲ್ ರಿಪೇ ಮಿ ಆನ್ ಮಂಡೇ.
ಅರ್ಥ: ಅವನು ಸೋಮವಾರ ನನ್ನ ಹಣ ಹಿಂತಿರುಗಿಸುತ್ತಾನೆ.

ಲೆಂಡ್, ಬಾರೋ ಹಣಕ್ಕಷ್ಟೇ ಅಲ್ಲ. ಪೆನ್ನು, ಪುಸ್ತಕ, ಬೈಕ್‌ಗೂ ಬಳಕೆಯಾಗುತ್ತವೆ. ‘ಕ್ಯಾನ್ ಯು ಬಾರೋ ಮಿ ಯುವರ್ ಪೆನ್’ ತಪ್ಪು. ‘ಕ್ಯಾನ್ ಯು ಲೆಂಡ್ ಮಿ ಯುವರ್ ಪೆನ್’ ಅಥವಾ ‘ಕ್ಯಾನ್ ಐ ಬಾರೋ ಯುವರ್ ಪೆನ್’ ಸರಿ.

ಪದವನ್ನಷ್ಟೇ ಬಾಯಿಪಾಠ ಮಾಡಬೇಡಿ. ನಿಮ್ಮದೇ ಕೊಡು-ಕೊಳ್ಳುವಿಕೆಯ ಬಗ್ಗೆ ಒಂದೊಂದು ವಾಕ್ಯ ಬರೆದು ನೋಡಿ. ಯಾರು ಕೊಟ್ಟರು, ಯಾರು ಪಡೆದರು ಎಂಬುದು ತಾನಾಗಿಯೇ ನೆನಪಿನಲ್ಲಿ ಉಳಿಯುತ್ತದೆ.