ಬೆಂಗಾವಲು

ಡೊಂಬಿವಲಿ, ಕಲ್ಯಾಣದಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ನೆರೆಮನೆಯ ಮರಾಠಿಯಿಂದ ಸಿಕ್ಕ ಮಾತುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ‘ಪಾಠರಾಖೀಣ’. ಮದುಮಗಳು ಮೊದಲ ಸಲ ಗಂಡನ ಮನೆಗೆ ಹೊರಟಾಗ ತವರಿನಿಂದ ಜೊತೆಗೆ ಹೋಗುವ ಹೆಂಗಸು ಈಕೆ. ಹುಡುಗಿ ಹೊಸ ಮನೆಗೆ ಹೊಂದಿಕೊಳ್ಳುವವರೆಗೆ ನಾಲ್ಕು ದಿನ ಇದ್ದು, ಆಮೇಲೆ ತನ್ನ ಪಾಡಿಗೆ ವಾಪಸು ಬರುತ್ತಾಳೆ. ಪಾಠ ಅಂದರೆ ಇಲ್ಲಿ ಶಾಲೆಯ ಪಾಠವಲ್ಲ, ಬೆನ್ನು. ರಾಖೀಣ ಅಂದರೆ ಕಾಯುವವಳು. ನಮ್ಮ ‘ಬೆಂಗಾವಲು’ ಕೂಡ ಇದೇ ಅಚ್ಚಿನದು: ಬೆನ್ನು, ಕಾವಲು. ಈಗ ಎರಡೂ ಮಾತು ರಾಜಕೀಯಕ್ಕಿಳಿದಿವೆ. ಮರಾಠಿ ಪತ್ರಿಕೆಗಳಲ್ಲಿ ಆರೋಪ ಹೊತ್ತ ಮಂತ್ರಿಯನ್ನು ಪಕ್ಷದವರು ಸಮರ್ಥಿಸಿಕೊಂಡರೆ ಅದು ‘ಪಾಠರಾಖಣ’. ಕನ್ನಡದ ಬೆಂಗಾವಲಂತೂ ಸೈರನ್ ಹಾಕಿಕೊಂಡು ಮಂತ್ರಿಯ ಕಾರಿನ ಹಿಂದೆ ಓಡುತ್ತದೆ, ಮುಂದೆಯೂ!

ಇಂಗ್ಲಿಷಿನ ‘ಶಾಪರೋನ್’ ಮಾತ್ರ ಪ್ರಯೋಗಶಾಲೆ ಸೇರಿತು. ಮೂಲದ ಫ್ರೆಂಚಿನಲ್ಲಿ ಅದು ಕುಲಾವಿ. ಮುಂದೆ ಮದುವೆಯಾಗದ ಹುಡುಗಿಯರನ್ನು ಕಾಯುವ ಹಿರಿಯ ಹೆಂಗಸು. 1978ರಲ್ಲಿ ರಾನ್ ಲಾಸ್ಕಿ ಮತ್ತು ಸಂಗಡಿಗರು ಕಪ್ಪೆಮೊಟ್ಟೆಯ ಒಂದು ಪ್ರೋಟೀನಿಗೆ ಈ ಬಿರುದು ಕೊಟ್ಟರು. ಡಿಎನ್‌ಎ ಸುತ್ತಿಕೊಳ್ಳುವ ಹಿಸ್ಟೋನ್ ಪ್ರೋಟೀನುಗಳದು ಧನ ವಿದ್ಯುದಂಶ, ಡಿಎನ್‌ಎಯದು ಋಣ. ಸುಮ್ಮನೆ ಬೆರೆಸಿದರೆ ಹೇಗೆಂದರೆ ಹಾಗೆ ಅಂಟಿಕೊಂಡು ಗಂಟಾಗುತ್ತವೆ. ನ್ಯೂಕ್ಲಿಯೋಪ್ಲಾಸ್ಮಿನ್ ಎಂಬ ಆ ಪ್ರೋಟೀನು ನಡುವೆ ಬಂದರೆ ಡಿಎನ್‌ಎ ಹಿಸ್ಟೋನಿನ ಮೇಲೆ ಅಚ್ಚುಕಟ್ಟಾಗಿ ಸುತ್ತಿಕೊಳ್ಳುತ್ತದೆ. ಸುತ್ತಿಕೊಂಡ ಮೇಲೆ ನೋಡಿದರೆ ನ್ಯೂಕ್ಲಿಯೋಪ್ಲಾಸ್ಮಿನ್ ಅಲ್ಲಿಲ್ಲ. 1987ರಲ್ಲಿ ಜಾನ್ ಎಲ್ಲಿಸ್ ಈ ಹೆಸರನ್ನು ಇಡೀ ಬಳಗಕ್ಕೆ ಹಬ್ಬಿಸಿದರು: ಬೇರೆ ಪ್ರೋಟೀನುಗಳು ಸರಿಯಾಗಿ ಮಡಿಕೆಯಾಗಲು, ಜೋಡಣೆಯಾಗಲು ನೆರವಾಗಿ, ಕೊನೆಯ ರಚನೆಯಲ್ಲಿ ತಾವು ಸೇರದೆ ಹೊರಟುಹೋಗುವವು. ಶಾಖ ಏರಿದಾಗ ಪ್ರೋಟೀನುಗಳ ಮಡಿಕೆ ಬಿಚ್ಚುತ್ತದಲ್ಲ, ಆಗ ಜೀವಕೋಶ ಇವುಗಳಲ್ಲಿ ಹಲವನ್ನು ಹೆಚ್ಚು ಹೆಚ್ಚು ತಯಾರಿಸಿಕೊಳ್ಳುತ್ತದೆ.

ಇಲ್ಲೇ ನವಿ ಮುಂಬಯಿಯ ಖಾರ್ಘರ್‌ನಲ್ಲಿ, ಟಾಟಾ ಮೆಮೋರಿಯಲ್ ಸೆಂಟರಿನ ಆ್ಯಕ್ಟ್ರೆಕ್ ಸಂಸ್ಥೆಯಲ್ಲಿ, ‘ಗ್ಯಾಂಕಿರಿನ್’ ಎಂಬ ಶಾಪರೋನಿನ ಮೇಲೆ ಸಂಶೋಧನೆ ನಡೆದಿದೆ. ಜೀವಕೋಶಕ್ಕೆ ಬೇಡವಾದ ಪ್ರೋಟೀನುಗಳನ್ನು ಕತ್ತರಿಸಿಹಾಕುವ ಪ್ರೋಟಿಯಾಸೋಮ್ ಎಂಬ ಯಂತ್ರವನ್ನು ಜೋಡಿಸಲು ನೆರವಾಗುವುದು ಇದರ ಕೆಲಸ. ಆದರೆ ಯಕೃತ್ತಿನ ಕ್ಯಾನ್ಸರಿನಲ್ಲಿ ಗ್ಯಾಂಕಿರಿನ್ ಮಿತಿಮೀರಿ ಕಾಣಿಸುತ್ತದೆ. ಗೆಡ್ಡೆಯನ್ನು ತಡೆಯಬೇಕಾದ ಪಿ53ಯಂಥ ಪ್ರೋಟೀನುಗಳನ್ನೇ ನಾಶದ ದಾರಿಗೆ ತಳ್ಳುತ್ತದೆ. ಪತ್ರಿಕೆಯವರ ಪಾಠರಾಖಣ ಇಲ್ಲಿ ಸರಿಯಾಗಿ ಹೊಂದುತ್ತದೆ ಅನ್ನಿ.

ಕನ್ನಡದಲ್ಲಿ ಈ ಶಾಪರೋನನ್ನು ಏನೆನ್ನೋಣ? ‘ಪರಿಚಾರಕ’ ಎಂದರೆ ಮನೆಯಲ್ಲೇ ಉಳಿಯುವ ಆಳು, ‘ಒಡನಾಡಿ’ ಬಿಟ್ಟುಹೋಗುವುದೇ ಇಲ್ಲ. ನನ್ನ ಮತ ‘ಬೆಂಗಾವಲು ಪ್ರೋಟೀನ್’ಗೆ. ಕೆಲಸ ಮುಗಿಸಿ ಹಿಂತಿರುಗುವ ಅರ್ಥ ಅದರಲ್ಲಿ ಅಷ್ಟಾಗಿ ಇಲ್ಲ, ಒಪ್ಪಿದೆ. ಮದುಮಗಳ ಜೊತೆ ಹೋಗಿ ನಾಲ್ಕು ದಿನ ಇದ್ದು ಬರುವವಳಿಗೆ ನಿಮ್ಮ ಸೀಮೆಯಲ್ಲಿ ಬೇರೆ ಹೆಸರೇನಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ.