ಓದಿನ ರುಚಿ ಹತ್ತಿಸಿದವರು



ಓದುವ ಅಭ್ಯಾಸವುಳ್ಳ ಯಾರನ್ನಾದರೂ ಕಂಡು, "ತಮಗೆ ಮೊಟ್ಟಮೊದಲು ಓದಿನ ರುಚಿ ಹತ್ತಿಸಿದ ಪುಸ್ತಕ ಯಾವುದು?" ಎಂದು ಕೇಳಿನೋಡಿ. ಪಂಪನ ಹೆಸರನ್ನಾಗಲಿ ಕಾಳಿದಾಸನ ಹೆಸರನ್ನಾಗಲಿ ಹೇಳುವವರು ವಿರಳ. ಆ ಮಹಾಕವಿಗಳ ಬಳಿಗೆ ನಾವು ಹೋದುದು ಬಹುಕಾಲದ ಮೇಲೆ. ಅಲ್ಲಿಯವರೆಗೆ ನಮ್ಮನ್ನು ಕೈಹಿಡಿದು ನಡೆಸಿದುದು ಯಾವುದೋ ಒಂದು ಸಾಮಾನ್ಯವಾದ ಕಥೆಯ ಪುಸ್ತಕ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬಂತೆ ಅದನ್ನು ನಾವು ಮರೆತುಬಿಡುತ್ತೇವೆ. ಒಬ್ಬ ಮನುಷ್ಯನ ವಿಷಯದಲ್ಲಿ ನಿಜವಾದ ಈ ಮಾತು ಒಂದು ಭಾಷೆಯನ್ನಾಡುವ ಜನದ ವಿಷಯದಲ್ಲಿಯೂ ನಿಜ. ಕನ್ನಡದ ಓದುಗರನ್ನು ಹೊಳೆ ದಾಟಿಸಿದ ಇಬ್ಬರು ಅಂಬಿಗರನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಭಾಷಣದ ಉದ್ದೇಶ.

ಕನ್ನಡದಲ್ಲಿ ಸಾಹಿತ್ಯ ಬಹು ಪುರಾತನವಾದುದು, ಅದರಲ್ಲಿ ಸಂದೇಹವಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದವರೆಗೆ ನಮ್ಮಲ್ಲಿ ಓದುವುದೆಂದರೆ ಬಹುಮಟ್ಟಿಗೆ ಕೇಳುವುದೇ ಆಗಿದ್ದಿತು. ಗುಡಿಯ ಜಗಲಿಯ ಮೇಲೆ ಒಬ್ಬರು ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ರಾಗವಾಗಿ ಓದುವರು. ಊರಿನವರು ಸುತ್ತಲೂ ಕುಳಿತು ಕೇಳುವರು. ಅಕ್ಷರ ಬಾರದವನೂ ಆ ಸಭೆಯಲ್ಲಿ ರಸಿಕನೇ. ಅದೊಂದು ದೊಡ್ಡ ಸಂಸ್ಕೃತಿ. ಅದನ್ನು ಹಳಿಯುವ ಅಭಿಪ್ರಾಯ ನನಗಿಲ್ಲ. ಆದರೆ ರಾತ್ರಿ ಊಟವಾದ ಮೇಲೆ ದೀಪದ ಮುಂದೆ ಒಬ್ಬನೇ ಕುಳಿತು, ತನ್ನ ಸಂತೋಷಕ್ಕಾಗಿಯೇ ಮೌನವಾಗಿ ಹಾಳೆ ತಿರುವುವ ಓದು ಬೇರೆಯೇ ಒಂದು ಬಗೆ. ಅದು ನಮ್ಮಲ್ಲಿ ಹೊಸದಾಗಿ ಬರಬೇಕಾಗಿದ್ದಿತು.

೧೮೨೩ರಲ್ಲಿ ಕೆಂಪುನಾರಾಯಣನು 'ಮುದ್ರಾಮಂಜೂಷ'ವನ್ನು ಗದ್ಯದಲ್ಲಿ ಬರೆದನು. ೧೮೪೩ರಲ್ಲಿ ಮಂಗಳೂರಿನಿಂದ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಟಿತು. ಅಚ್ಚಿನ ಯಂತ್ರಗಳು ಬಂದುವು, ಪಾಠಶಾಲೆಗಳು ತೆರೆದುವು. ಆದರೂ ಅಚ್ಚಾದುವುಗಳಲ್ಲಿ ಹೆಚ್ಚಿನವು ಪಾಠಪುಸ್ತಕಗಳು, ಪುರಾಣಗಳು ಮತ್ತು ಧರ್ಮಬೋಧೆಯ ಪುಸ್ತಕಗಳು. ೧೯೦೧ರ ಜನಗಣತಿಯ ವೇಳೆಗೂ ಭರತಖಂಡದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು ಐದು ಮಂದಿ ಮಾತ್ರ. ಆ ಐವರಾದರೂ ಶಾಲೆ ಬಿಟ್ಟ ಮೇಲೆ ಏನನ್ನು ಓದಬೇಕು? ಇಂಗ್ಲಿಷು ಕಲಿತವರು ಇಂಗ್ಲಿಷು ಕಾದಂಬರಿಗಳಿಗೆ ಹೋದರು. ಕನ್ನಡವನ್ನೇ ಬಲ್ಲವರು, ಅದರಲ್ಲಿಯೂ ಮನೆಯೊಳಗಿನ ಹೆಂಗಸರು, ಕಾದುಕೊಂಡಿದ್ದರು.

ಈ ಕೊರತೆಯನ್ನು ನೀಗಲು ಮುಂದಾದವರು ಬಿ. ವೆಂಕಟಾಚಾರ್ಯರು. ೧೮೪೫ರಲ್ಲಿ ಹುಟ್ಟಿದ ಇವರು ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧಿಕಾರಿಗಳಾಗಿದ್ದರು. ಬಂಗಾಳದಲ್ಲಿ ಅಂದು ಹೊಸ ಸಾಹಿತ್ಯ ಚಿಗುರುತ್ತಿದ್ದುದನ್ನು ಅರಿತು, ಸ್ವಂತ ಪ್ರಯತ್ನದಿಂದ ಬಂಗಾಳಿಯನ್ನು ಕಲಿತರು. ಈಶ್ವರಚಂದ್ರ ವಿದ್ಯಾಸಾಗರರ 'ಭ್ರಾಂತಿವಿಲಾಸ'ವನ್ನು ಮೊದಲು ಕನ್ನಡಕ್ಕೆ ತಂದರು. ಅನಂತರ ಬಂಕಿಮಚಂದ್ರ ಚಟ್ಟೋಪಾಧ್ಯಾಯರ ಕಡೆಗೆ ತಿರುಗಿದರು. ಬಂಗಾಳಿಯಲ್ಲಿ ೧೮೬೫ರಲ್ಲಿ ಪ್ರಕಟವಾಗಿದ್ದ 'ದುರ್ಗೇಶನಂದಿನಿ' ೧೮೮೫ರಲ್ಲಿ ಕನ್ನಡದ ಉಡುಪನ್ನು ತೊಟ್ಟು ಬಂದಿತು. 'ವಿಷವೃಕ್ಷ', 'ಆನಂದಮಠ' ಮೊದಲಾದುವು ಅದರ ಹಿಂದೆ ಬಂದುವು. ಕಚೇರಿಯ ಕೆಲಸ ಮುಗಿಸಿ ಬಂದು, ಮಿಕ್ಕ ಹೊತ್ತಿನಲ್ಲಿ ಒಬ್ಬ ಮನುಷ್ಯನು ಇಷ್ಟು ಪುಸ್ತಕಗಳನ್ನು ಬರೆದನೆಂದರೆ ಅದು ಬರಿಯ ಹವ್ಯಾಸವಲ್ಲ, ವ್ರತ.

'ದುರ್ಗೇಶನಂದಿನಿ'ಯ ಆರಂಭವನ್ನು ನೆನೆಯಿರಿ. ಸಂಜೆಯ ವೇಳೆ; ನಿರ್ಜನವಾದ ದಾರಿ; ಕುದುರೆಯ ಮೇಲೆ ಒಬ್ಬನೇ ತರುಣ ಯೋಧ. ಬಿರುಗಾಳಿ ಮಳೆಗಳು ಬಡಿಯುತ್ತವೆ. ಅವನು ಒಂದು ಶಿವಾಲಯದಲ್ಲಿ ಆಶ್ರಯ ಬೇಡುತ್ತಾನೆ. ಒಳಗೆ ಇಬ್ಬರು ಹೆಂಗಸರು. ಅವರಾರು? ಮುಂದೇನಾಯಿತು? ಭಾರತದ ಕಥೆಯನ್ನು ಕೇಳುವವನಿಗೆ ಕೀಚಕನ ಗತಿ ಏನಾಗುವುದೆಂಬುದು ಮೊದಲೇ ಗೊತ್ತು. ಅವನ ಸಂತೋಷ ಹೇಳುವ ಬಗೆಯಲ್ಲಿದೆ. ಇಲ್ಲಿ ಹಾಗಲ್ಲ. ಮುಂದೇನೆಂದು ತಿಳಿಯಬೇಕಾದರೆ ಹಾಳೆಯನ್ನು ತಿರುವಲೇಬೇಕು. ಆ ಒಂದು ಕುತೂಹಲವೇ ಸಾವಿರಾರು ಕನ್ನಡಿಗರ ಕಣ್ಣನ್ನು ಅಚ್ಚಿನ ಹಾಳೆಗೆ ಕಟ್ಟಿಹಾಕಿತು.

ಪ್ರಸಂಗವಶಾತ್ ಒಂದು ಮಾತು. ಇಂಥ ಗ್ರಂಥಕ್ಕೆ ಬಂಗಾಳಿಯಲ್ಲಿ 'ಉಪನ್ಯಾಸ'ವೆಂದು ಹೆಸರು. ಕನ್ನಡದಲ್ಲಿ ಉಪನ್ಯಾಸವೆಂದರೆ ನಾನು ಈಗ ಮಾಡುತ್ತಿರುವ ಕೆಲಸ. ಮರಾಠಿಯವರು ಬಾಣಭಟ್ಟನ ಕಾವ್ಯದ ಹೆಸರನ್ನು ತೆಗೆದುಕೊಂಡು 'ಕಾದಂಬರಿ' ಎಂದರು. ನಾವು ಅದನ್ನು ಅವರಿಂದ ಪಡೆದೆವು. ವಸ್ತು ಪೂರ್ವದಿಂದ ಬಂದರೆ ಹೆಸರು ಉತ್ತರದಿಂದ ಬಂದಿತು. ನಮ್ಮ ಉಪನ್ಯಾಸಗಳನ್ನು ಕೇಳಿ ಬೇಸತ್ತವರು ಈ ವ್ಯವಸ್ಥೆಯನ್ನು ಮೆಚ್ಚದಿರಲಾರರು.

ಎರಡನೆಯ ಅಂಬಿಗರು ಉತ್ತರ ಕರ್ನಾಟಕದ ಗಳಗನಾಥರು. ಇವರ ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟೂರಾದ ಗಳಗನಾಥವೇ ಇವರ ಹೆಸರಾಗಿ ನಿಂತಿತು. ೧೮೬೯ರಿಂದ ೧೯೪೨ರ ವರೆಗೆ ಬಾಳಿದ ಇವರು ವೃತ್ತಿಯಿಂದ ಉಪಾಧ್ಯಾಯರು. ಆಗ ಆ ಸೀಮೆ ಮುಂಬಯಿ ಆಧಿಪತ್ಯಕ್ಕೆ ಸೇರಿದ್ದಿತು; ಮನೆಯಲ್ಲಿ ಕನ್ನಡವನ್ನಾಡುತ್ತಿದ್ದ ಎಷ್ಟೋ ಸುಶಿಕ್ಷಿತರು ಓದುವುದಕ್ಕೆ ಮರಾಠಿಯನ್ನೇ ಆಶ್ರಯಿಸಿದ್ದರು. ಕನ್ನಡದ ಏಳಿಗೆಗಾಗಿ ೧೮೯೦ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಆದರೆ ಸಂಘವೊಂದಿದ್ದರೆ ಸಾಲದು. ಓದುವವರ ಕೈಗೆ ಪುಸ್ತಕ ಬರಬೇಕು. ಗಳಗನಾಥರು ಮರಾಠಿಯ ಹೆಸರಾಂತ ಕಾದಂಬರಿಕಾರರಾದ ಹರಿ ನಾರಾಯಣ ಆಪಟೆಯವರ ಕಥೆಗಳನ್ನೇ ಕನ್ನಡಕ್ಕೆ ತಂದರು. ಯಾವ ರುಚಿಗಾಗಿ ಕನ್ನಡಿಗರು ಮರಾಠಿಗೆ ಹೋಗುತ್ತಿದ್ದರೋ ಆ ರುಚಿಯನ್ನು ಮನೆಯ ಬಾಗಿಲಿಗೇ ತಂದಿಟ್ಟರು. ೧೯೦೭ರಲ್ಲಿ ಅಗಡಿಯಿಂದ ಹೊರಟ 'ಸದ್ಬೋಧಚಂದ್ರಿಕೆ' ಎಂಬ ಮಾಸಪತ್ರಿಕೆಯಲ್ಲಿ ದುಡಿದರು. ೧೯೨೩ರಲ್ಲಿ ಪ್ರಕಟವಾದ 'ಮಾಧವ ಕರುಣಾ ವಿಲಾಸ'ದಲ್ಲಿ ವಿಜಯನಗರದ ಸ್ಥಾಪನೆಯ ಕಥೆಯನ್ನು ಹೇಳಿದರು. ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರು ೧೯೫೬ರಲ್ಲಿ ಒಂದು ರಾಜ್ಯವಾಗುವುದಕ್ಕೆ ಬಹು ಮುಂಚೆ, ತಮ್ಮದೊಂದು ದೊಡ್ಡ ರಾಜ್ಯವಿದ್ದಿತೆಂಬುದನ್ನು ಇಂಥ ಪುಸ್ತಕಗಳಲ್ಲಿ ಓದಿದರು.

ಪುಸ್ತಕ ಬರೆದುದಕ್ಕಿಂತಲೂ ಗಳಗನಾಥರು ಅದನ್ನು ಮಾರಿದ ರೀತಿ ಹೆಚ್ಚು ಸ್ಮರಣೀಯವಾದುದು. ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರಿಂದೂರಿಗೆ ತಿರುಗಿದರು. ನಮ್ಮ ದೇಶದಲ್ಲಿ ಬಳೆಗಾರನು ಬಳೆಯ ಮಲಾರವನ್ನು ಹೊತ್ತು ಬರುವುದುಂಟು. ಗ್ರಂಥಕರ್ತನೇ ಗ್ರಂಥವನ್ನು ಹೊತ್ತು ಬಾಗಿಲಿಗೆ ಬಂದುದು ಅಪೂರ್ವ. ಓದುಗನು ತನ್ನ ಬಳಿಗೆ ಬರಲೆಂದು ಅವರು ಕಾಯಲಿಲ್ಲ. ಓದುಗನಿದ್ದಲ್ಲಿಗೆ ತಾವೇ ಹೋದರು.

ಇವರಿಬ್ಬರ ಕಾಲದಲ್ಲಿಯೇ ಕನ್ನಡದ ಸ್ವಂತ ಬೆಳೆಯೂ ತಲೆಯೆತ್ತಿತು. ೧೮೯೯ರಲ್ಲಿ ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ', ೧೯೦೮ರಲ್ಲಿ ಕೆರೂರು ವಾಸುದೇವಾಚಾರ್ಯರ 'ಇಂದಿರೆ', ೧೯೧೫ರಲ್ಲಿ ಎಂ. ಎಸ್. ಪುಟ್ಟಣ್ಣನವರ 'ಮಾಡಿದ್ದುಣ್ಣೋ ಮಹಾರಾಯ' ಪ್ರಕಟವಾದುವು. ಗುಣದಲ್ಲಿ ಇವು ಅನುವಾದಗಳಿಗಿಂತ ನಮಗೆ ಹತ್ತಿರ. ಇವುಗಳಲ್ಲಿ ನಮ್ಮ ಮನೆ, ನಮ್ಮ ಬೀದಿ, ನಮ್ಮ ಮಾತು ಇವೆ. ಆದರೆ ಕಾದಂಬರಿಯನ್ನು ಕೊಂಡು ಓದಬಲ್ಲ ಒಂದು ವರ್ಗ ಬೆಳೆಯದಿದ್ದರೆ ಈ ಬೆಳೆಗೆ ನೆಲವೆಲ್ಲಿಯದು?

ಇವರ ಮೇಲೆ ಆಕ್ಷೇಪಗಳಿಲ್ಲವೆಂದಲ್ಲ. ವೆಂಕಟಾಚಾರ್ಯರ ಶೈಲಿಯಲ್ಲಿ ಸಂಸ್ಕೃತದ ಭಾರ ಹೆಚ್ಚು. ಗಳಗನಾಥರಲ್ಲಿ ಉಪದೇಶದ ಭಾರ ಹೆಚ್ಚು. ಇಂಗ್ಲಿಷು ಓದಿ ಬಂದ ನಾನು, ಅಧ್ಯಾಪಕನಾದ ಹೊಸತರಲ್ಲಿ, "ಇವೆಲ್ಲ ಎರವಿನ ಒಡವೆಗಳು, ಸಾಹಿತ್ಯಚರಿತ್ರೆಯಲ್ಲಿ ಒಂದು ಸಾಲು ಸಾಕು" ಎಂದು ತರಗತಿಯಲ್ಲಿ ಹೇಳಿಬಿಟ್ಟಿದ್ದೆನು. ವಿದ್ಯಾರ್ಥಿಗಳು ಅದನ್ನು ಶ್ರದ್ಧೆಯಿಂದ ಬರೆದುಕೊಂಡರು.

ಆ ವರ್ಷದ ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಅಜ್ಜಿ ತನ್ನ ಪೆಟ್ಟಿಗೆಯಿಂದ ಒಂದು ಪುಸ್ತಕವನ್ನು ತೆಗೆದು ಕೊಟ್ಟಳು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ; ಅಣ್ಣನು ಪಾಠ ಒಪ್ಪಿಸುವಾಗ ಪಕ್ಕದಲ್ಲಿ ಕುಳಿತು ಅಕ್ಷರ ಕಲಿತವಳು. ಪುಸ್ತಕಕ್ಕೆ ರಟ್ಟಿಲ್ಲ, ಮೊದಲ ಹಾಳೆಗಳಿಲ್ಲ; ಕಥೆ ಒಂದು ವಾಕ್ಯದ ನಡುವಿನಿಂದ ಹೊರಡುತ್ತಿದ್ದಿತು. ನಾಲ್ಕು ಪುಟ ತಿರುವುವಷ್ಟರಲ್ಲಿ ಅದು 'ದುರ್ಗೇಶನಂದಿನಿ' ಎಂದು ತಿಳಿಯಿತು. ಕಳೆದುಹೋದ ಪುಟಗಳ ಕಥೆಯನ್ನು ಅಜ್ಜಿಯೇ ಬಾಯಲ್ಲಿ ಹೇಳಿದಳು. ಅದನ್ನು ಎಷ್ಟು ಸಲ ಓದಿದ್ದಳೋ ಅವಳಿಗೇ ಲೆಕ್ಕವಿರಲಿಲ್ಲ. "ಇದನ್ನು ಬರೆದವರು ಯಾರು?" ಎಂದು ಕೇಳಿದಳು. ಬಂಗಾಳದ ಬಂಕಿಮಚಂದ್ರರು ಬರೆದರು, ವೆಂಕಟಾಚಾರ್ಯರು ಕನ್ನಡಿಸಿದರು ಎಂದೆನು. "ಆಚಾರ್ಯರು ಯಾವ ಸೀಮೆಯವರು?" "ನಮ್ಮ ಮೈಸೂರು ಸೀಮೆಯವರೇ." ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ಹತ್ತಿರದವರೆ! ಇಷ್ಟು ವರ್ಷ ಹೆಸರೇ ತಿಳಿಯದೆ ಓದಿದೆನಲ್ಲ" ಎಂದಳು.

ಆ ಮಾತು ನನ್ನನ್ನು ಚುಚ್ಚಿತು. ಹೆಸರು ತಿಳಿಯದೆ ಅವಳು ಆ ಪುಸ್ತಕವನ್ನು ಪ್ರೀತಿಸಿದ್ದಳು. ಹೆಸರು ತಿಳಿದೂ ನಾನು ಅದನ್ನು ಒಂದು ಸಾಲಿಗೆ ಇಳಿಸಿದ್ದೆನು. ರಜೆ ಮುಗಿದ ಮೇಲೆ ಅದೇ ತರಗತಿಗೆ ಹೋಗಿ, ಹಿಂದೆ ಬರೆಸಿದ್ದ ವಾಕ್ಯವನ್ನು ಹೊಡೆದುಹಾಕುವಂತೆ ವಿದ್ಯಾರ್ಥಿಗಳಿಗೆ ಹೇಳಿದೆನು.

ಪುಸ್ತಕವೊಂದರ ಬೆಲೆಯನ್ನು ಕಟ್ಟುವಾಗ ಅದು ಎಷ್ಟು ಎತ್ತರ ಏರಿತೆಂಬುದನ್ನು ನೋಡುವುದು ನ್ಯಾಯವೇ ಸರಿ. ಅದು ಎಷ್ಟು ಜನರನ್ನು ಓದಿನ ಕಡೆಗೆ ಕರೆತಂದಿತೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಿಮ್ಮ ಮನೆಯ ಅಟ್ಟದ ಮೇಲೆಯೂ ರಟ್ಟು ಹರಿದ ಇಂಥ ಪುಸ್ತಕವೊಂದಿರಬಹುದು. ದಯಮಾಡಿ ಅದನ್ನು ಕೆಳಗಿಳಿಸಿ, ಧೂಳು ಕೊಡವಿ, ಗ್ರಂಥಕರ್ತರ ಹೆಸರನ್ನು ಮನೆಯ ಮಕ್ಕಳಿಗೆ ಒಮ್ಮೆ ಹೇಳಿರಿ.